ಬರಹಗಾರರಿಗೆ ಸಲಹೆ: ಮಸೂದೆಯೇ ಕಾಣದ ಪಾದಯಾತ್ರೆ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಕೃಷಿ ಕಾರ್ಮಿಕರು 2022ರ ಆಗಸ್ಟ್‌ನಲ್ಲಿ ಡೆಲಾನೊ ಪಟ್ಟಣದಿಂದ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊವರೆಗೆ ನಡೆಸಿದ 335 ಮೈಲಿಗಳ ಪಾದಯಾತ್ರೆಯ ಕುರಿತು ತಾವು ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು.

ಸುಡುಬಿಸಿಲು, ಬೊಬ್ಬೆಯೆದ್ದ ಪಾದ, ಕಾರ್ಮಿಕ ಸಂಘದ ಕಪ್ಪು ಹದ್ದಿನ ಚಿತ್ರವಿರುವ ಕೆಂಪು ಬಾವುಟಗಳಿಗೆ ಪುಟಗಟ್ಟಲೆ ಕೊಟ್ಟಿರುವ ತಾವು, ಆ ಜನ ಯಾವ ಮಸೂದೆಗಾಗಿ ನಡೆದರೋ ಅದನ್ನು ‘ಕಾರ್ಮಿಕರ ಹಕ್ಕುಗಳಿಗಾಗಿ’ ಎಂಬ ಸವಕಲು ಮಾತಿನಲ್ಲಿ ಮುಗಿಸಿದ್ದೀರಿ. ಯಾವ ಹಕ್ಕು? ಕಾರ್ಮಿಕ ಸಂಘ ಬೇಕೇ ಬೇಡವೇ ಎಂಬ ಮತದಾನ ಸಾಮಾನ್ಯವಾಗಿ ಮಾಲೀಕರ ಜಮೀನಿನಲ್ಲಿಯೇ ನಡೆಯುತ್ತಿತ್ತು. ಕಾಗದಪತ್ರವಿಲ್ಲದ ವಲಸೆ ಕಾರ್ಮಿಕನು ಮೇಸ್ತ್ರಿಯ ಕಣ್ಣೆದುರಿನಲ್ಲಿ ಹಾದು ಹೋಗಿ ಮತ ಹಾಕಬೇಕೆಂದರೆ, ಚೀಟಿ ಗುಪ್ತವಾಗಿದ್ದು ಅವನಿಗೇನು ಧೈರ್ಯ ಬರುತ್ತದೆ? ಆ ಆಯ್ಕೆಯನ್ನು ಜಮೀನಿನ ಹೊರಗೆ ತರುವುದೇ ಮಸೂದೆಯ ತಿರುಳು. ಇಂಥದೇ ಮಸೂದೆಯನ್ನು ಗವರ್ನರ್ ಗ್ಯಾವಿನ್ ನ್ಯೂಸಮ್ 2021ರಲ್ಲಿ ತಿರಸ್ಕರಿಸಿದ್ದರು. ಸಂಘಟಕರು ಜಮೀನಿನೊಳಗೆ ಹೋಗಿ ಕಾರ್ಮಿಕರೊಡನೆ ಮಾತನಾಡಲು ಅವಕಾಶ ನೀಡಿದ್ದ ರಾಜ್ಯದ ನಿಯಮಕ್ಕೆ ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋಲಾಗಿತ್ತು. ಈ ಎರಡು ಪೆಟ್ಟುಗಳನ್ನು ಹೇಳದಿದ್ದರೆ, ಇಷ್ಟು ದೂರ ನಡೆಯುವ ಅಗತ್ಯವಾದರೂ ಏನಿತ್ತು ಎಂದು ಓದುಗರು ಕೇಳುತ್ತಾರೆ.

ದಂಡಿಯ ಹೋಲಿಕೆಯನ್ನು ಕೈಬಿಡಿ. 1960ರ ದಶಕದಲ್ಲಿ ಕೃಷಿ ಕಾರ್ಮಿಕರ ಸಂಘ ಕಟ್ಟಿದ ನಾಯಕ ಸೀಸರ್ ಚಾವೆಸ್ ಗಾಂಧೀಜಿಯವರಿಂದ ಪ್ರೇರಿತರಾಗಿದ್ದುದು ನಿಜ. ಆದರೆ ದಂಡಿಗೆ ಹೊರಟವರು ಒಂದು ಕಾನೂನನ್ನು ಮುರಿಯಲು ನಡೆದರು, ಇವರು ಒಂದು ಕಾನೂನನ್ನು ಬೇಡಿ ನಡೆದರು. ಎರಡೂ 24 ದಿನಗಳ ಯಾತ್ರೆಗಳೆಂಬ ತಮ್ಮ ಬೆರಗು (ಲೆಕ್ಕ ಸರಿಯಾಗಿಯೇ ಇದೆ) ಆ ವ್ಯತ್ಯಾಸವನ್ನು ಮರೆಮಾಡುತ್ತದೆ.

ಡೆಲಾನೊದ ದ್ರಾಕ್ಷಿ ತೋಟಗಳ ಕಾರ್ಮಿಕರ ಮುಷ್ಕರವನ್ನು ಚಾವೆಸ್ ಆರಂಭಿಸಿದರೆಂದು ಬರೆದಿರುವುದು ತಪ್ಪು. 1965ರ ಸೆಪ್ಟೆಂಬರ್ 8ರಂದು ಕೆಲಸ ನಿಲ್ಲಿಸಿದವರು ಲ್ಯಾರಿ ಇಟ್ಲಿಯಾಂಗ್ ನೇತೃತ್ವದ ಫಿಲಿಪಿನೋ ಕಾರ್ಮಿಕರು. ಚಾವೆಸ್‌ರ ಸಂಘ ಅವರನ್ನು ಸೇರಿಕೊಂಡದ್ದು ಆಮೇಲೆ. 1966ರಲ್ಲಿ ಚಾವೆಸ್ ಇದೇ ದಾರಿಯಲ್ಲಿ ನಡೆಸಿದ ಯಾತ್ರೆಯ ಭಾಗವನ್ನು ಮಾತ್ರ ಚೆನ್ನಾಗಿ ಬರೆದಿದ್ದೀರಿ, ಅದನ್ನು ಮುಟ್ಟಬೇಡಿ.

ಇನ್ನು ಮುಕ್ತಾಯ. ಆಗಸ್ಟ್ 26ರಂದು ಸ್ಯಾಕ್ರಮೆಂಟೊದಲ್ಲಿ ಸೇರಿದ ಜನಸ್ತೋಮದ ಜಯಘೋಷಕ್ಕೆ ಲೇಖನವನ್ನು ನಿಲ್ಲಿಸಿದ್ದೀರಿ. ಅಂದು ಗೆಲುವು ಇರಲಿಲ್ಲ. ಗವರ್ನರ್ ಸಹಿ ಹಾಕಿದ್ದು ಸೆಪ್ಟೆಂಬರ್ 28ರಂದು. ನಡೆದು ದಣಿದವರು ಸಹಿಗಾಗಿ ಕಾದ ಆ ತಿಂಗಳು ಲೇಖನದಲ್ಲಿ ಇಲ್ಲವೇ ಇಲ್ಲ. ಬಿಸಿಲಿನ ವರ್ಣನೆಯನ್ನು ಅರ್ಧಕ್ಕಿಳಿಸಿ, ಉಳಿದ ಜಾಗವನ್ನು ಅದಕ್ಕೆ ಕೊಟ್ಟು, ಮತ್ತೊಮ್ಮೆ ಕಳುಹಿಸಿ.

ಇಂತು,
ಸಂಪಾದಕ