ಉಳಿದ ಮಣ್ಣನ್ನು ರೈತರನ್ನು ಕೇಳಿ ಅಳೆಯಬಹುದೇ?

ಪ್ರಶ್ನೆ: ಬದು ಹಾಕುವುದು, ಉಳುಮೆ ಕಡಿಮೆ ಮಾಡುವುದು ಮುಂತಾದ ಕೆಲಸಗಳನ್ನು ರೈತರು ತಾವಾಗಿಯೇ ಮಾಡಿದಾಗ ಎಷ್ಟು ಮಣ್ಣು ಉಳಿಯಿತೆಂಬುದನ್ನು ಅಮೆರಿಕದಲ್ಲಿ ರೈತರನ್ನೇ ಕೇಳಿ ಲೆಕ್ಕ ಹಾಕುತ್ತಾರೆಂದು ಓದಿದೆ. ತನ್ನ ಹೊಲದ ಬಗ್ಗೆ ಯಾವ ರೈತ ಕೆಟ್ಟದ್ದು ಹೇಳುತ್ತಾನೆ? ಇಂಥ ಲೆಕ್ಕವನ್ನು ನಂಬುವುದು ಹೇಗೆ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಆದರೆ ಅಲ್ಲಿ ರೈತರನ್ನು ಕೇಳುವುದು ‘ಮಣ್ಣು ಉಳಿಯಿತೇ’ ಎಂದಲ್ಲ. ಹಿಂದಿನ ಮೂರು ವರ್ಷಗಳಲ್ಲಿ ಯಾವ ಬೆಳೆ ಇಟ್ಟಿದ್ದರು, ಯಾವ ಸಲಕರಣೆಯಿಂದ ಎಷ್ಟು ಸಲ ಉತ್ತರು, ಗೊಬ್ಬರವನ್ನು ಯಾವಾಗ, ಎಷ್ಟು, ಹೇಗೆ ಕೊಟ್ಟರು, ಇಳಿಜಾರಿಗೆ ಅಡ್ಡಲಾಗಿ ಬದು ಇದೆಯೇ ಎಂದು ಕೇಳುತ್ತಾರೆ. ಅಭಿಪ್ರಾಯ ಕೇಳಿದರೆ ಹೊಗಳಿಕೆ ಬರಬಹುದು; ಮಾಡಿದ ಕೆಲಸವನ್ನು ಕೇಳಿದಾಗ ಅದಕ್ಕೆ ಅವಕಾಶ ಕಡಿಮೆ. ಉತ್ತರಗಳನ್ನು ಗುಟ್ಟಾಗಿ ಇಡಬೇಕೆಂಬ ಕಾನೂನೂ ಇದೆ.

2002ರ ಕೃಷಿ ಕಾಯಿದೆ ಸಂರಕ್ಷಣೆಗೆ ಕೊಡುವ ಹಣವನ್ನು ಹೆಚ್ಚಿಸಿದಾಗ, ಅದರ ಫಲವೇನೆಂದು ತಿಳಿಯಲು ಅಲ್ಲಿನ ಕೃಷಿ ಇಲಾಖೆ ಈ ಮೌಲ್ಯಮಾಪನವನ್ನು ಆರಂಭಿಸಿತು. ಸಹಾಯಧನ ಪಡೆದವರ ಪಟ್ಟಿ ಹಿಡಿದು ಹೊರಟಿದ್ದರೆ, ಯಾರ ನೆರವೂ ಇಲ್ಲದೆ ಸ್ವಂತ ಖರ್ಚಿನಲ್ಲಿ ಬದು ಹಾಕಿಕೊಂಡವರು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಆದ್ದರಿಂದ ನೆಲ-ಮಣ್ಣಿನ ಸ್ಥಿತಿಯನ್ನು ದಾಖಲಿಸುವ ರಾಷ್ಟ್ರೀಯ ಸಂಪನ್ಮೂಲ ಗಣತಿಗಾಗಿ ದೇಶದಾದ್ಯಂತ ಮೊದಲೇ ಗುರುತಿಸಿದ್ದ ಮಾದರಿ ಸ್ಥಳಗಳಿಂದ ಹೊಲಗಳನ್ನು ಆರಿಸಿ, ಅವುಗಳನ್ನು ಸಾಗುವಳಿ ಮಾಡುವವರನ್ನು 2003ರಿಂದ 2006ರವರೆಗೆ ಭೇಟಿ ಮಾಡಿದರು. ಇಡೀ ಏರ್ಪಾಡಿನಲ್ಲಿ ನನಗೆ ಅತ್ಯಂತ ವಿವೇಕದ್ದೆನಿಸುವುದು ಈ ಆಯ್ಕೆಯೇ.

ಹೀಗೆ ಸಿಕ್ಕ ವಿವರಗಳನ್ನು ಆ ಜಾಗದ ಮಣ್ಣು, ಇಳಿಜಾರು ಮತ್ತು ಮಳೆಯ ದಾಖಲೆಗಳ ಜೊತೆಗೆ ‘ಎಪೆಕ್ಸ್’ ಎಂಬ ಗಣಕ ಮಾದರಿಗೆ ಕೊಟ್ಟು, ಲೆಕ್ಕವನ್ನು ಎರಡು ಸಲ ಮಾಡುತ್ತಾರೆ: ಹೊಲ ಇರುವಂತೆಯೇ ಒಮ್ಮೆ, ಸಂರಕ್ಷಣೆಯ ಯಾವ ಕೆಲಸವೂ ನಡೆದಿಲ್ಲವೆಂದು ಭಾವಿಸಿ ಇನ್ನೊಮ್ಮೆ. ಎರಡರ ನಡುವಿನ ಅಂತರವೇ ಪರಿಣಾಮ. ಎರಡನೆಯ ಹೊಲ ಎಲ್ಲೂ ಇಲ್ಲವಾದ್ದರಿಂದ ಅದನ್ನು ಅಳೆದು ನೋಡಲಾಗದು. ಆದಕಾರಣ ಸಣ್ಣ ಜಲಾನಯನಗಳ ಹಳ್ಳಗಳಲ್ಲಿ ನೀರನ್ನು ನೇರವಾಗಿ ಪರೀಕ್ಷಿಸುವ ಅಧ್ಯಯನಗಳೂ ಜೊತೆಯಲ್ಲೇ ನಡೆಯುತ್ತವೆ, ನಡೆಯಲೇಬೇಕು.

ಹತ್ತು ವರ್ಷಗಳ ನಂತರ, 2013–16ರ ಅವಧಿಗೆ ಸಮೀಕ್ಷೆಯನ್ನು ಮತ್ತೆ ಮಾಡಿದರು. ನೀರಿನಿಂದಾಗುವ ಮಣ್ಣಿನ ಸವಕಳಿ ವರ್ಷಕ್ಕೆ ಸುಮಾರು 7 ಕೋಟಿ ಟನ್‌ನಷ್ಟು, ಗಾಳಿಯಿಂದಾಗುವುದು ಸುಮಾರು 9.4 ಕೋಟಿ ಟನ್‌ನಷ್ಟು ಇಳಿದಿತ್ತು. ಆದರೆ ಗೊಬ್ಬರದ ಪೋಷಕಾಂಶಗಳಲ್ಲಿ ಒಂದಾದ ರಂಜಕ ನೀರಿನಲ್ಲಿ ಕರಗಿ ಹರಿದುಹೋಗುವುದು ಹೆಚ್ಚಿತ್ತು. ಉಳುಮೆ ಕಡಿಮೆಯಾದಾಗ, ಮೇಲೆ ಚೆಲ್ಲಿದ ಗೊಬ್ಬರ ಮಣ್ಣಿನಲ್ಲಿ ಬೆರೆಯದೆ ಉಳಿದು ಮಳೆನೀರಿಗೆ ಸುಲಭವಾಗಿ ಸಿಗುವುದು ಇದಕ್ಕೆ ಒಂದು ಕಾರಣ. ಇದು ಸಣ್ಣ ಸಂಗತಿಯಲ್ಲ: ಹೊಲಗಳಿಂದ ಬಂದ ಇಂಥ ರಂಜಕವನ್ನು ಉಂಡು ಈರಿ ಸರೋವರದಲ್ಲಿ ಬೆಳೆದ ಪಾಚಿಯ ವಿಷದಿಂದಾಗಿ, 2014ರ ಆಗಸ್ಟ್‌ನಲ್ಲಿ ಅದರ ದಂಡೆಯ ಟೊಲೀಡೊ ನಗರದ ಸುತ್ತಿನ ಸುಮಾರು 4 ಲಕ್ಷ ಜನ ನಲ್ಲಿ ನೀರನ್ನು ಕುಡಿಯದಂತೆ ಆಡಳಿತ ಎಚ್ಚರಿಸಬೇಕಾಯಿತು. ಗೊಬ್ಬರ ಕೊಟ್ಟ ದಿನ ಮತ್ತು ವಿಧಾನವನ್ನು ಸಮೀಕ್ಷೆ ಕೇಳದೆ ಹೋಗಿದ್ದರೆ, ಮಣ್ಣು ಉಳಿಯಿತೆಂಬ ಸಮಾಧಾನದಲ್ಲಿ ಈ ಹಾನಿ ಮರೆಯಾಗಿ ಹೋಗುತ್ತಿತ್ತು.

ಸಮೀಕ್ಷೆಯ ಈ ಅಂಕಿಗಳು ಇಡೀ ದೇಶಕ್ಕೆ ಹಾಕಿದ ಅಂದಾಜುಗಳೆಂಬುದನ್ನು ಮಾತ್ರ ಮರೆಯಬಾರದು. ಅವುಗಳಿಂದ ಒಂದು ಊರಿನ ಅಥವಾ ಒಬ್ಬ ರೈತನ ಹೊಲದ ಸ್ಥಿತಿಯನ್ನು ಹೇಳಲಾಗದು.