ಸದರ್ನ್ ಬರ್ಡ್‌ವಿಂಗ್ ಚಿಟ್ಟೆ ತೋಟಕ್ಕೆ ಬರಬೇಕಾದರೆ ಏನು ನೆಡಬೇಕು?

ಹೂಗಿಡಗಳಷ್ಟೇ ಸಾಲವು, ಈಶ್ವರಬಳ್ಳಿ ಬೇಕೇ ಬೇಕು. ರೆಕ್ಕೆ ಹರಡಿದರೆ 14ರಿಂದ 19 ಸೆಂ.ಮೀ. ಇರುವ ನಮ್ಮ ರಾಜ್ಯದ ಈ ಚಿಟ್ಟೆ ಕೇಪಳ, ಲಂಟಾನಗಳ ಮಕರಂದ ಹೀರುತ್ತದೆ, ನಿಜ. ಆದರೆ ಮೊಟ್ಟೆ ಇಡುವುದು ಈಶ್ವರಬಳ್ಳಿಯ ಕುಟುಂಬದ ಸಸ್ಯಗಳ ಮೇಲೆ ಮಾತ್ರ. ಆ ಎಲೆಗಳ ವಿಷವೇ ಅವನ್ನು ತಿನ್ನುವ ಮರಿಹುಳುವಿನ ಮೈಸೇರಿ ಹಕ್ಕಿಗಳಿಂದ ಅದನ್ನು ಕಾಯುತ್ತದೆ.

ಒಂದೇ ಬಳ್ಳಿ ನೆಟ್ಟರೆ ದಪ್ಪ ಹುಳುಗಳು ಬೇಗ ಬೋಳಿಸಿ ಹಸಿವಿನಿಂದ ಸಾಯುತ್ತವೆ. ನಾಲ್ಕೈದಾದರೂ ನೆಟ್ಟು, ಬೇಲಿಗೋ ಮರಕ್ಕೋ ಹಬ್ಬಿಸಿ. ಎಲೆ ತೂತಾಯಿತೆಂದು ಔಷಧಿ ಸಿಂಪಡಿಸಲೇಬೇಡಿ!

ನರ್ಸರಿಯಲ್ಲಿ ಸಿಗುವ ದೊಡ್ಡ ಹೂವಿನ ದಕ್ಷಿಣ ಅಮೆರಿಕದ ಅರಿಸ್ಟೊಲೋಕಿಯಾ (ಈಶ್ವರಬಳ್ಳಿಯ ಹತ್ತಿರದ ಬಂಧು) ಬೇಡ. ಆಸ್ಟ್ರೇಲಿಯಾದಲ್ಲಿ ಈ ಚಿಟ್ಟೆಯ ಬಂಧುವಾದ ರಿಚ್ಮಂಡ್ ಬರ್ಡ್‌ವಿಂಗ್ ಅದರ ಮೇಲೆ ಮೊಟ್ಟೆಯಿಡುತ್ತದೆ, ಮರಿಹುಳುಗಳು ಎಲೆ ತಿಂದು ಸಾಯುತ್ತವೆ.

ಪಶ್ಚಿಮಘಟ್ಟದ ಸೆರಗು, ಕರಾವಳಿಯಲ್ಲಿ ನಮ್ಮ ಸದರ್ನ್ ಬರ್ಡ್‌ವಿಂಗ್ ಬರುವ ಸಾಧ್ಯತೆ ಹೆಚ್ಚು.