ದಂತವೈದ್ಯರ ಕುರ್ಚಿ ಕಂಡರೆ ಚೀರುತ್ತಾನೆ

ಪ್ರಶ್ನೆ: ಮಗನಿಗೆ 14 ವರ್ಷ, ಬೌದ್ಧಿಕ ನ್ಯೂನತೆಯಿದೆ. ದಂತವೈದ್ಯರ ಮುಂದೆ ಬಾಯಿ ತೆರೆಯುವುದೇ ಇಲ್ಲ. ಗಟ್ಟಿಯಾಗಿ ಹಿಡಿದು ಚಿಕಿತ್ಸೆ ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಒಮ್ಮೆ ಬಲವಂತ ಮಾಡಿದರೆ ಮುಂದಿನ ಸಲ ಬಾಗಿಲಲ್ಲೇ ಹೆದರಿ ನಿಲ್ಲುತ್ತಾನೆ. ಮೊದಲ ಭೇಟಿಯಲ್ಲಿ ಕುರ್ಚಿಯಲ್ಲಿ ಕೂತು ಎದ್ದರೆ ಸಾಕು. ಮುಂದಿನ ಸಲ ಬಾಯಿ ನೋಡುವ ಪುಟ್ಟ ಕನ್ನಡಿ: ಮೊದಲು ಹೇಳಿ, ಉಗುರಿಗೆ ಮುಟ್ಟಿಸಿ ತೋರಿಸಿ, ಆಮೇಲೆ ಹಲ್ಲಿಗೆ. ವೈದ್ಯರು 10ರವರೆಗೆ ಎಣಿಸಿ ನಿಲ್ಲಿಸಲಿ. ಯಾವಾಗ ಮುಗಿಯುತ್ತದೆಂದು ಗೊತ್ತಿದ್ದರೆ ತಡೆದುಕೊಳ್ಳುವುದು ಸುಲಭ. ಕಣ್ಣು ಕುಕ್ಕುವ ದೀಪಕ್ಕೆ ಕಪ್ಪು ಕನ್ನಡಕ, ಡ್ರಿಲ್ ಸದ್ದಿಗೆ ಹೆಡ್‌ಫೋನ್. ಕುರ್ಚಿಯಲ್ಲಿ ಒರಗುವುದು ಅಭ್ಯಾಸವಾಗಲೆಂದು ಮನೆಯಲ್ಲೂ ದಿನಾ ಹಿಂದಕ್ಕೆ ಒರಗಿಸಿಯೇ ಬ್ರಷ್ ಮಾಡಿಸಿ. ಒಂದು ಮಾತು: ಇದ್ದಕ್ಕಿದ್ದಂತೆ ಊಟ ಬಿಟ್ಟರೆ, ಕೆನ್ನೆಗೆ ಹೊಡೆದುಕೊಂಡರೆ ಅದು ಹಠವಲ್ಲ, ಹಲ್ಲುನೋವಿರಬಹುದು. ಆಗ ಅಭ್ಯಾಸಕ್ಕೆಂದು ಕಾಯಬೇಡಿ. ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ.